ಮಾವನ ಅಕ್ಕಿ ಡಬ್ಬಿಯಲ್ಲಿ 20 ಲಕ್ಷ ಇರಾಕಿ ದಿನಾರ್: ಏನು ಮಾಡೋದು?

ಕುಂದಾಪ್ರದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನ್ನ ಸೋದರಮಾವ ಕುವೈತಿನಲ್ಲಿ 22 ವರ್ಷ ದುಡಿದು 2015ರಲ್ಲಿ ಊರಿಗೆ ಬಂದವರು. ಹೋದ ವಾರ ಅತ್ತೆ ಅಟ್ಟ ಗುಡಿಸುವಾಗ ಹಳೇ ಅಕ್ಕಿ ಡಬ್ಬಿ ಇಳಿಸಿದ್ದಾರೆ. ಒಳಗೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ನೋಟಿನ ಕಟ್ಟು. 25,000ದ ಇರಾಕಿ ದಿನಾರ್, 80 ನೋಟು. ಒಟ್ಟು 20 ಲಕ್ಷ. ಅತ್ತೆ ನನಗೆ ಫೋನ್ ಮಾಡಿ, "ನಿನ್ನ ಮಾವ ನನಗೆ ಗೊತ್ತಿಲ್ಲದ ಹಾಗೆ 20 ಲಕ್ಷ ಇಟ್ಟಿದ್ದಾರೆ" ಅಂದಾಗ ನನಗೂ ಒಂದು ನಿಮಿಷ ಉಸಿರು ನಿಂತಿತು.

ಮಾವನನ್ನು ಕೂರಿಸಿ ಕೇಳಿದೆ. 2012ರಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ಯಾರೋ ಹೇಳಿದರಂತೆ, ಇರಾಕಿನ ದುಡ್ಡು ಈಗ ನೆಲ ಕಚ್ಚಿದೆ, ಎಣ್ಣೆ ಇರೋ ದೇಶ, ಒಂದು ದಿನ ಎದ್ದೇ ಏಳುತ್ತದೆ ಅಂತ. 540 ಕುವೈತಿ ದಿನಾರ್ ಕೊಟ್ಟು ಕೊಂಡರು. ಆಗ ಒಂದು ಕುವೈತಿ ದಿನಾರಿಗೆ ನಮ್ಮ 190 ರೂಪಾಯಿ. ಅಂದರೆ ಲಕ್ಷಕ್ಕೂ ಮೇಲೆ. ಆ ವರ್ಷ ಮನೆಯ ಹಂಚು ತೆಗೆದು ತಾರಸಿ ಹಾಕಿಸೋದು ಯಾಕೆ ಮುಂದೆ ಹೋಯಿತು ಅಂತ ಅತ್ತೆಗೆ ಈಗ ಗೊತ್ತಾಯಿತು. ಮನೆಯಲ್ಲಿ ವಾತಾವರಣ ಅಷ್ಟು ಚೆನ್ನಾಗಿಲ್ಲ.

ನಾನು ಇಲ್ಲಿನ ಬ್ಯಾಂಕಿಗೆ ಒಂದು ನೋಟು ಹಿಡಿದುಕೊಂಡು ಹೋದೆ. ಕೌಂಟರಿನ ಹುಡುಗ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. ಮಂಗಳೂರಿನಲ್ಲಿ ಮನಿ ಚೇಂಜರ್ ಅಂಗಡಿಯವನಂತೂ ಮುಟ್ಟಲೇ ಇಲ್ಲ.

ಇದರ ಬೆಲೆ ನಿಜಕ್ಕೂ ಎಷ್ಟು? ಎಲ್ಲಿ ಬದಲಾಯಿಸಬಹುದು? ಮನೆಯಲ್ಲಿ ಇಟ್ಟುಕೊಂಡರೆ ತೊಂದರೆ ಇದೆಯಾ?

ನೋಟು ಸಂಗ್ರಹ

ಅಕ್ಕಿ ಡಬ್ಬಿ ಒಳ್ಳೆ ಜಾಗ. ಜಿರಳೆ ಬರೋದಿಲ್ಲ. ನೋಟು ಹೊಸದಾಗಿದೆಯಾ, ಮಡಚಿದ ಗೆರೆ ಇದೆಯಾ ನೋಡಿ. ಗಲ್ಫಿನ ಅಂಗಡಿಗಳು ಗೆರೆ ಬಿದ್ದ ನೋಟಿಗೆ ಮುಖ ಸಿಂಡರಿಸುತ್ತವೆ.

ಹಳೇ ಕೌಂಟರ್

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದು ಸುಲಭ.

ತೊಂದರೆ ಇಲ್ಲ. ಭಾರತದಲ್ಲಿ ವಾಸ ಇರುವವರು 2,000 ಡಾಲರ್ ಬೆಲೆಯವರೆಗೆ ವಿದೇಶಿ ನೋಟು ಇಟ್ಟುಕೊಳ್ಳಬಹುದು. ಪ್ರವಾಸದಿಂದ ಉಳಿದದ್ದು ಅದಕ್ಕಿಂತ ಜಾಸ್ತಿ ಇದ್ದರೆ, ಬಂದ 180 ದಿನದೊಳಗೆ ಬ್ಯಾಂಕಿಗೋ ಪರವಾನಗಿ ಇರುವ ಚೇಂಜರಿಗೋ ಕೊಡಬೇಕು. ನಿಮ್ಮ ಮಾವನದು ಅದಕ್ಕಿಂತ ಕಡಿಮೆ. ಮೇಲಾಗಿ ಅವರು ಕೊಂಡದ್ದು ಅಲ್ಲಿ ಕೆಲಸದಲ್ಲಿದ್ದಾಗ. ಹೊರಗೆ ವಾಸ ಇದ್ದಾಗ ಸಂಪಾದಿಸಿದ್ದನ್ನು ವಾಪಸ್ ಬಂದ ಮೇಲೂ ಇಟ್ಟುಕೊಳ್ಳಲು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ 6ನೇ ಸೆಕ್ಷನ್ ಅವಕಾಶ ಕೊಡುತ್ತದೆ. ತರುವಾಗ ಕಸ್ಟಮ್ಸಿನಲ್ಲಿ ಬರೆದುಕೊಡಬೇಕಿದ್ದದ್ದು ನೋಟು 5,000 ಡಾಲರ್ ದಾಟಿದ್ದರೆ ಮಾತ್ರ. ಅದೂ ಇಲ್ಲ.

ಈಗ ಬೆಲೆ. ಇರಾಕಿನ ಸರ್ಕಾರಿ ದರ ಡಾಲರಿಗೆ ಸುಮಾರು 1,310. ಆ ಲೆಕ್ಕದಲ್ಲಿ 20 ಲಕ್ಷಕ್ಕೆ 1,500 ಡಾಲರ್ ಚಿಲ್ಲರೆ. ಡಾಲರ್ 90ರ ಆಸುಪಾಸು ಇರೋದರಿಂದ 1,35,000 ರೂಪಾಯಿ ಅಂತ ಕಾಗದದ ಮೇಲೆ ಬರುತ್ತದೆ. ಕಾಗದದ ಮೇಲೆ ಅಂದೆ, ಗಮನಿಸಿ. ಆ ದರಕ್ಕೆ ನಿಮ್ಮ ಕೈಯಿಂದ ತೆಗೆದುಕೊಳ್ಳುವವರು ಯಾರೂ ಇಲ್ಲ.

ಬ್ಯಾಂಕಿನ ಹುಡುಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಂಕು ಕೊಳ್ಳೋದು ಮುಂದೆ ಮಾರಲು ಆಗುವ ನೋಟನ್ನು ಮಾತ್ರ. ರಿಯಾಲ್, ದಿರ್ಹಮ್, ಕುವೈತಿ ದಿನಾರ್ ಇವಕ್ಕೆಲ್ಲ ನಮ್ಮ ಕರಾವಳಿಯಲ್ಲಿ ದಿನಾ ಗಿರಾಕಿ ಇದ್ದಾರೆ. ಇರಾಕಿ ದಿನಾರ್ ಕೇಳಿಕೊಂಡು ನನ್ನ ಕೌಂಟರಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಮಾರಲು ಬಂದವರು ಮಾತ್ರ ಬೇಕಾದಷ್ಟು ಜನ.

ತಾಳ್ಮೆ ಇರಲಿ

ಮಾರಬೇಡಿ! ದಯವಿಟ್ಟು ಮಾರಬೇಡಿ. ನಾನು 2011ರಿಂದ ಹಿಡಿದುಕೊಂಡಿದ್ದೇನೆ. ನಮ್ಮ ಗ್ರೂಪಿನಲ್ಲಿ ಅಮೆರಿಕ, ಮಲೇಷಿಯಾ ಎಲ್ಲಾ ಕಡೆಯವರು ಇದ್ದಾರೆ. ಆರ್‌ವಿ ತುಂಬಾ ಹತ್ತಿರ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆರ್‌ವಿ ಅಂದರೆ ರೀವ್ಯಾಲ್ಯುವೇಶನ್. ಒಂದೇ ರಾತ್ರಿಯಲ್ಲಿ ದರ ಹಳೇ ಮಟ್ಟಕ್ಕೆ ವಾಪಸ್.

1980ರ ದಶಕದಲ್ಲಿ ಒಂದು ಇರಾಕಿ ದಿನಾರಿಗೆ ಮೂರು ಡಾಲರಿಗೂ ಜಾಸ್ತಿ ಇತ್ತು. ಇದು ಸುಳ್ಳಾ? 1991ರಲ್ಲಿ ಕುವೈತಿನಲ್ಲಿ ಇದೇ ಆಯಿತು. ಯುದ್ಧದಲ್ಲಿ ಚಿಂದಿಯಾಗಿದ್ದ ಕುವೈತಿ ದಿನಾರ್ ಮತ್ತೆ ಎದ್ದು ನಿಂತಿತು. ಅಗ್ಗಕ್ಕೆ ಕೊಂಡವರು ಶ್ರೀಮಂತರಾದರು. 2023ರಲ್ಲಿ ಇರಾಕ್ ತಾನಾಗಿಯೇ ದರ ಏರಿಸಿತು. ಅದು ಮೊದಲ ಹೆಜ್ಜೆ.

ಲೆಕ್ಕದ ಮಾಸ್ತರ

ನಾನು ಧಾರವಾಡದಾಗ ಮಕ್ಕಳಿಗೆ ಗಣಿತ ಕಲಿಸಾಂವ ರೀ. ರಾಜಕೀಯ ಗೊತ್ತಿಲ್ಲ. ಒಂದು ಗುಣಾಕಾರ ಮಾಡೋಣ ಬರ್ರಿ.

ಇರಾಕಿನಲ್ಲಿ ಚಲಾವಣೆಯಲ್ಲಿರುವ ನೋಟುಗಳ ಒಟ್ಟು ಮೊತ್ತ ಸುಮಾರು 100 ಲಕ್ಷ ಕೋಟಿ ದಿನಾರ್. ಮೇಲೆ ಹೇಳಿದ ಆ ಹಳೇ ದರದ ಹಾಗೆ ಒಂದಕ್ಕೆ 3.22 ಡಾಲರ್ ಆದರೆ ಬರೇ ನೋಟಿನ ಬೆಲೆ 322 ಲಕ್ಷ ಕೋಟಿ ಡಾಲರ್. ಇಡೀ ಪ್ರಪಂಚ ಒಂದು ವರ್ಷ ದುಡಿದು ಹುಟ್ಟಿಸುವುದು ಸುಮಾರು 110 ಲಕ್ಷ ಕೋಟಿ ಡಾಲರ್. ಅಂದರೆ ಅಮೆರಿಕ, ಚೀನಾ, ನಾವು, ಎಲ್ಲರೂ ಮೂರು ವರ್ಷ ಉಣ್ಣದೆ ಉಡದೆ ದುಡಿದು ಇರಾಕಿಗೆ ಕೊಡಬೇಕು.

ಇನ್ನೊಂದು ರೀತಿ ನೋಡ್ರಿ. ಇದು ನನಗೆ ಬಹಳ ಸೇರಿದ ಲೆಕ್ಕ. ಇರಾಕಿನ ಜನಸಂಖ್ಯೆ 2024ರ ಜನಗಣತಿಯಲ್ಲಿ ಸುಮಾರು 4.6 ಕೋಟಿ. 100 ಲಕ್ಷ ಕೋಟಿಯನ್ನು 4.6 ಕೋಟಿಯಿಂದ ಭಾಗಿಸಿದರೆ ತಲಾ 21 ಲಕ್ಷ ಚಿಲ್ಲರೆ. ನಿಮ್ಮ ಮಾವನ ಹತ್ತಿರ ಎಷ್ಟಿದೆ? 20 ಲಕ್ಷ. ಅಂದರೆ ಅವರ ಹತ್ತಿರ ಇರೋದು ಸರಾಸರಿ ಒಬ್ಬ ಇರಾಕಿಯ ಪಾಲಿಗೆ ಬರುವಷ್ಟು ನೋಟು. ಆರ್‌ವಿ ಆಗಿ ಮಾವ 58 ಕೋಟಿ ರೂಪಾಯಿಯ ಧಣಿ ಆದರೆ, ಅವತ್ತು ಬಸ್ರಾದಲ್ಲಿ ಹುಟ್ಟಿದ ಕೂಸೂ ಲೆಕ್ಕಕ್ಕೆ 58 ಕೋಟಿಯ ಧಣಿ ಆಗಬೇಕು. ಆಗ ಅಲ್ಲಿ ರೊಟ್ಟಿ ಬಡಿಯೋರು ಯಾರು?

ಕುಂದಾಪ್ರದವ

ಮಾಸ್ತರೇ, ಇದನ್ನು ಮಾವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಬೇಡ, ಹತ್ತು ಸೆಂಟ್ ಆದರೂ ಸಾಕು" ಅಂದರು.

ಲೆಕ್ಕದ ಮಾಸ್ತರ

ಹತ್ತು ಸೆಂಟ್ ಆದರೆ ನೋಟಿನ ಬೆಲೆ 10 ಲಕ್ಷ ಕೋಟಿ ಡಾಲರ್. ಇರಾಕಿನ ಒಂದು ವರ್ಷದ ಉತ್ಪನ್ನ ಅದರ ಮೂವತ್ತರಲ್ಲಿ ಒಂದು ಪಾಲೂ ಇಲ್ಲ ರೀ. ಮಾವನಿಗೆ ಚಹಾ ಕೊಡ್ರಿ.

ಅಮ್ಮಾನ್ ದಾರಿ

"ಕುವೈತಿನಲ್ಲಿ ಇದೇ ಆಯಿತು" ಅಂತ ಮೇಲೆ ಒಬ್ಬರು ಬರೆದಿದ್ದಾರೆ. ನಾನು ಅಲ್ಲಿದ್ದವನು. ಸ್ವಲ್ಪ ಹೇಳುತ್ತೇನೆ.

1990ರ ಆಗಸ್ಟ್ 2ಕ್ಕೆ ಇರಾಕಿ ಸೈನ್ಯ ಬಂತು. ಅಂಗಡಿಯಲ್ಲಿ ಕುವೈತಿ ದಿನಾರೂ ಇರಾಕಿ ದಿನಾರೂ ಒಂದೇ ಬೆಲೆ ಅಂತ ಅವರು ಸಾರಿದರು. ಕೆಲವು ವಾರ ಬಿಟ್ಟು ಕುವೈತಿ ದಿನಾರ್ ನಡೆಯೋದೇ ಇಲ್ಲ ಅಂದರು. ನಾವು ಬಾಗ್ದಾದ್ ಮೇಲೆ ಅಮ್ಮಾನಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಏರ್ ಇಂಡಿಯಾದಲ್ಲಿ ಬಾಂಬೆ. 1.7 ಲಕ್ಷಕ್ಕೂ ಜಾಸ್ತಿ ಜನರನ್ನು ಹಾಗೆ ತಂದರು. ನನ್ನ ಚಡ್ಡಿಯ ಒಳಜೇಬಿನಲ್ಲಿ 90 ಕುವೈತಿ ದಿನಾರ್ ಇತ್ತು. ಬಾಂಬೆಯಲ್ಲಿ ಒಬ್ಬ ಮೂರರಲ್ಲಿ ಒಂದು ಪಾಲು ಬೆಲೆಗೆ ಕೇಳಿದ. ಟಿಕೆಟಿಗೆ, ಊಟಕ್ಕೆ ಅಂತ 60 ಕೊಟ್ಟೆ. 30 ಉಳಿಸಿಕೊಂಡೆ.

1991ರ ಮಾರ್ಚಿನಲ್ಲಿ ಹೊಸ ನೋಟು ಬಂತು. ಹಳೇದಕ್ಕೆ ಹಳೇ ಬೆಲೆಯೇ ಕೊಟ್ಟರು, ನಿಜ. ಆದರೆ ಎಲ್ಲ ನೋಟಿಗೂ ಅಲ್ಲ. ಇರಾಕಿಗಳು ಕುವೈತಿನ ಸೆಂಟ್ರಲ್ ಬ್ಯಾಂಕಿನಿಂದ ಹೊತ್ತುಕೊಂಡು ಹೋದ ನೋಟುಗಳ ಸೀರಿಯಲ್ ನಂಬರ್ ಪಟ್ಟಿ ಮಾಡಿ, ಅವೆಲ್ಲ ರದ್ದು ಅಂದರು. "ಅಗ್ಗಕ್ಕೆ ಕೊಂಡು ಶ್ರೀಮಂತರಾದರು" ಅಂತ ಹೇಳೋರು ಈ ಭಾಗ ಹೇಳೋದಿಲ್ಲ. ನನ್ನ ಜೊತೆಗಿದ್ದ ಬೈಂದೂರಿನ ಒಬ್ಬರು ಅಗ್ಗದಲ್ಲಿ ಕೊಂಡ ಕಟ್ಟಿನಲ್ಲಿ ಅರ್ಧಕ್ಕರ್ಧ ಆ ಪಟ್ಟಿಯಲ್ಲಿ ಇತ್ತು.

ಕುವೈತ್ ಹಾಗೆ ಕೊಡೋಕೆ ಆದದ್ದು ಯಾಕೆ? ನೋಟು ಹೆಚ್ಚಿರಲಿಲ್ಲ. ದೇಶ ಚಿಕ್ಕದು. ಮತ್ತೆ ಅವರ ಎಣ್ಣೆ ದುಡ್ಡು ಎಷ್ಟೋ ವರ್ಷದಿಂದ ಲಂಡನ್ನಿನಲ್ಲಿ, ಅಮೆರಿಕದಲ್ಲಿ ಹೂಡಿಟ್ಟದ್ದು ಹಾಗೇ ಇತ್ತು. ಸದ್ದಾಂ ಕೈಗೆ ಊರು ಸಿಕ್ಕಿತ್ತು, ಬೊಕ್ಕಸ ಸಿಕ್ಕಿರಲಿಲ್ಲ.

ಇನ್ನೊಂದು ಹಳೇ ಮಾತು. ನಮ್ಮಪ್ಪ 1958ರಲ್ಲಿ ಹಡಗಿನಲ್ಲಿ ಕುವೈತಿಗೆ ಹೋದಾಗ ಅಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ! ಚಿನ್ನದ ಕಳ್ಳಸಾಗಣೆ ಜಾಸ್ತಿ ಆಯಿತು ಅಂತ 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೇ ಬೇರೆ ಬಣ್ಣದ ರೂಪಾಯಿ ನೋಟು ಮಾಡಿಸಿತು. 1961ರಲ್ಲಿ ಕುವೈತಿನವರು ತಮ್ಮದೇ ದಿನಾರ್ ತಂದರು. ಆಗ ಒಂದು ದಿನಾರಿಗೆ 13 ರೂಪಾಯಿ ಮೂವತ್ತಮೂರು ಪೈಸೆ. ಇವತ್ತು 290ರ ಹತ್ತಿರ.

ಅಡುಗೆಮನೆ ಅಕೌಂಟೆಂಟ್

13ರಿಂದ 290! ಅಂದರೆ ಅಂಕಲ್, ಗಲ್ಫಿನಲ್ಲಿ ಇದ್ದವರಿಗೆ ಊಹಾಪೋಹದ ಹೂಡಿಕೆ ಬೇಕಾಗಿಯೇ ಇರಲಿಲ್ಲ ಅಲ್ವಾ? ಕೈಯಲ್ಲಿದ್ದ ಸಂಬಳವೇ ಆ ಹೂಡಿಕೆ.

ನನ್ನ ಗಂಡ ರಿಯಾದಿನಲ್ಲಿ. ಮನೆ ಲೆಕ್ಕ ನನ್ನದು. ಕುಂದಾಪ್ರದವರ ಮಾವ 2012ರಲ್ಲಿ ಆ ದುಡ್ಡನ್ನು ಹೊರದೇಶದಲ್ಲಿ ದುಡಿಯುವವರಿಗೆ ಇರುವ ಎನ್‌ಆರ್‌ಇ ಠೇವಣಿಗೆ ಹಾಕಿದ್ದರೆ ಏನಾಗುತ್ತಿತ್ತು ಅಂತ ನೋಡಿದೆ. 2011ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎನ್‌ಆರ್‌ಇ ಬಡ್ಡಿಗೆ ಹಾಕಿದ್ದ ಮಿತಿ ತೆಗೆದಿತ್ತು, ಬ್ಯಾಂಕುಗಳು ಶೇ 9ರ ಆಸುಪಾಸು ಕೊಡುತ್ತಿದ್ದವು. ಆಮೇಲೆ ಬಡ್ಡಿ ಇಳಿಯಿತು, ಅವರು ಊರಿಗೆ ಬಂದ ಮೇಲೆ ಅದು ಮಾಮೂಲಿ ಠೇವಣಿ ಆಗುತ್ತಿತ್ತು, ತೆರಿಗೆಯೂ ಬರುತ್ತಿತ್ತು. ಸರಾಸರಿ ಶೇ 7 ಅಂತ ಹಿಡಿದರೂ 1,02,600 ರೂಪಾಯಿ ಈಗ ಎರಡೂವರೆ ಲಕ್ಷದ ಆಸುಪಾಸು. ಚಿನ್ನ ಕೊಂಡಿದ್ದರೆ? ಆಗ 10 ಗ್ರಾಂ 30,000 ಇತ್ತು. 34 ಗ್ರಾಂ ಬರುತ್ತಿತ್ತು. ಈಗಿನ ಬೆಲೆಗೆ ಅದು ಮೂರೂವರೆ ಲಕ್ಷಕ್ಕೂ ಮೇಲೆ.

ಇದನ್ನು ಅತ್ತೆಗೆ ಓದಿ ಹೇಳಬೇಡಿ.

ಕುಂದಾಪ್ರದವ

ತಡವಾಯಿತು ಅಕ್ಕ. ಅವರೇ ನನ್ನ ಪಕ್ಕ ಕೂತು ಓದುತ್ತಿದ್ದಾರೆ.

ತಾಳ್ಮೆ ಇರಲಿ

ನೀವೆಲ್ಲ ನೆಗೆಟಿವ್ ಮಾತಾಡುತ್ತೀರಿ. 2023ರ ಫೆಬ್ರವರಿಯಲ್ಲಿ ಡಾಲರಿಗೆ 1,450 ಇದ್ದದ್ದನ್ನು 1,300ಕ್ಕೆ ತಂದರು. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸೊನ್ನೆ ತೆಗೆಯುವ ಮಾತೂ ಅವರ ಸೆಂಟ್ರಲ್ ಬ್ಯಾಂಕಿನಲ್ಲೇ ಬಂದಿದೆ. ಮೂರು ಸೊನ್ನೆ ತೆಗೆದರೆ ದರ ಸಾವಿರ ಪಟ್ಟು.

ಹಳೇ ಕೌಂಟರ್

ಉತ್ತರ ಕೊಡುತ್ತೇನೆ. ಆ 1,450 ಎಲ್ಲಿಂದ ಬಂತು? 2020ರ ಡಿಸೆಂಬರಿನಲ್ಲಿ ಅವರೇ ಇಳಿಸಿದ್ದು. ಕೋವಿಡ್ಡಿನಲ್ಲಿ ಎಣ್ಣೆ ಬೆಲೆ ಬಿದ್ದು ಸಂಬಳ ಕೊಡಲು ದುಡ್ಡಿರಲಿಲ್ಲ. ಅವರ ಸರ್ಕಾರದ ಆದಾಯದಲ್ಲಿ ಶೇ 90ರಷ್ಟು ಎಣ್ಣೆಯದು, ಅದು ಬರೋದು ಡಾಲರಿನಲ್ಲಿ. ಸಂಬಳ ಕೊಡೋದು ದಿನಾರಿನಲ್ಲಿ. ದಿನಾರ್ ಬೆಲೆ ಇಳಿಸಿದರೆ ಅದೇ ಡಾಲರಿಗೆ ಜಾಸ್ತಿ ದಿನಾರ್ ಸಿಗುತ್ತದೆ. ಅಷ್ಟೇ ವಿಷಯ. ನಿಮ್ಮ ದಿನಾರ್ ಏರಲಿ ಅಂತ ನೀವು ಕಾಯುತ್ತಿದ್ದೀರಿ. ಕೈ ಬಿಗಿ ಆದಾಗೆಲ್ಲ ಅಲ್ಲಿನ ಹಣಕಾಸು ಮಂತ್ರಿಗೆ ಅದು ಇಳಿದರೆ ಅನುಕೂಲ. ಅದಕ್ಕೂ ಮೊದಲು, 2012ರಲ್ಲಿ, ದರ 1,166 ಇತ್ತು. ಮಾವ ಕೊಂಡ ದಿನಕ್ಕೆ ಹೋಲಿಸಿದರೆ 2023ರ "ಏರಿಕೆ" ಆದ ಮೇಲೂ ಇಳಿದೇ ಇದೆ.

ಸೊನ್ನೆ ತೆಗೆಯೋದು ಬೇರೆ ವಿಷಯ. 2005ರಲ್ಲಿ ಟರ್ಕಿಯವರು ಆರು ಸೊನ್ನೆ ತೆಗೆದರು. ಹಳೇ 10 ಲಕ್ಷ ಲಿರಾಗೆ ಹೊಸದು ಒಂದು. ಅಲ್ಲಿ ಯಾರೂ ಶ್ರೀಮಂತರಾಗಲಿಲ್ಲ, ಪರ್ಸು ಮಾತ್ರ ತೆಳ್ಳಗಾಯಿತು. ಇರಾಕು ಮೂರು ಸೊನ್ನೆ ತೆಗೆದರೆ ದರ ಸಾವಿರ ಪಟ್ಟು ಆಗುತ್ತದೆ, ಸರಿ. ಮಾವನ ನೋಟು ಸಾವಿರದಲ್ಲಿ ಒಂದು ಪಾಲು ಆಗುತ್ತದೆ. 20 ಲಕ್ಷ ಕೊಟ್ಟರೆ 2,000 ಕೊಡುತ್ತಾರೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಇರಾಕಿನ ನೋಟಿನಲ್ಲೇ ಒಮ್ಮೆ ಜನ ಲಾಭ ಮಾಡಿದ್ದುಂಟು. ಇದು ನನಗೆ ತುಂಬಾ ಇಷ್ಟದ ಕತೆ. 1990ಕ್ಕೆ ಮುಂಚಿನ ಇರಾಕಿ ನೋಟು ಇಂಗ್ಲೆಂಡಿನಲ್ಲಿ ಅಚ್ಚಾಗುತ್ತಿತ್ತು. ಅಚ್ಚಿನ ಪಡಿಯಚ್ಚು ಸ್ವಿಟ್ಜರ್ಲೆಂಡಿನದು, ಅದಕ್ಕೆ ಜನ ಅದನ್ನು ಸ್ವಿಸ್ ದಿನಾರ್ ಅನ್ನುತ್ತಿದ್ದರು. ಕುವೈತಿಗೆ ನುಗ್ಗಿದ್ದಕ್ಕೆ ಇರಾಕಿನ ಮೇಲೆ ನಿರ್ಬಂಧ ಬಂದ ಮೇಲೆ ಆ ನೋಟು ಸಿಗಲಿಲ್ಲ. ಸದ್ದಾಂ ತನ್ನ ಚಿತ್ರ ಹಾಕಿ ಊರಲ್ಲೇ ಕಳಪೆ ಕಾಗದದ ಮೇಲೆ ಬೇಕಾದಷ್ಟು ಅಚ್ಚು ಹಾಕಿಸಿದ. 1993ರಲ್ಲಿ ಹಳೇ 25 ದಿನಾರಿನ ನೋಟು ರದ್ದು ಅಂದ. ಉತ್ತರದ ಕುರ್ದಿಗಳು ಕೇಳಲಿಲ್ಲ. ರದ್ದಾದ ಆ ಹಳೇ ನೋಟಿನಲ್ಲೇ ಹತ್ತು ವರ್ಷ ವ್ಯಾಪಾರ ಮಾಡಿದರು. ಹಿಂದೆ ಸರ್ಕಾರ ಇಲ್ಲ, ಬ್ಯಾಂಕಿಲ್ಲ. ಹೊಸದು ಒಂದೂ ಅಚ್ಚಾಗೋದಿಲ್ಲ, ಇದ್ದದ್ದು ಹರಿದು ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ 2003ರ ಅಕ್ಟೋಬರಿನಲ್ಲಿ ಈಗಿನ ಹೊಸ ದಿನಾರ್ ಬಂದಾಗ ಸದ್ದಾಂ ನೋಟು ಒಂದಕ್ಕೆ ಒಂದು. ಸ್ವಿಸ್ ನೋಟು ಒಂದಕ್ಕೆ 150!

ಬೆಲೆ ಉಳಿದದ್ದು ಅಚ್ಚು ನಿಂತದ್ದಕ್ಕೆ. ಮಾವನ ಹತ್ತಿರ ಇರೋದು ಅಚ್ಚು ನಡೆಯುತ್ತಿರುವ ನೋಟು. 2015ರಲ್ಲಿ ಅದಕ್ಕಿಂತ ದೊಡ್ಡ 50,000ದ ನೋಟೂ ಬಂತು.

ಅಲೀಪುರದ ಹರಳು

ಗೌರಿಬಿದನೂರು ಹತ್ತಿರದ ಅಲೀಪುರದವನು ನಾನು. ಹರಳಿನ ವ್ಯಾಪಾರ. ನಮ್ಮೂರಿನವರು ಇರಾಕಿನ ಕರ್ಬಲಾ, ನಜಫ್, ಇರಾನಿನ ಮಶ್ಹದ್ ಅಂತ ಜಿಯಾರತಿಗೆ, ಅಂದರೆ ತೀರ್ಥಯಾತ್ರೆಗೆ ಹೋಗಿ ಬರುತ್ತಲೇ ಇರುತ್ತಾರೆ. ಹಾಗಾಗಿ ಇರಾಕಿ ದಿನಾರೂ ಇರಾನಿ ರಿಯಾಲೂ ನಮಗೆ ಹೊಸದಲ್ಲ.

ಇರಾಕಿನ ಪೇಟೆಯಲ್ಲಿ ಸರ್ಕಾರಿ ದರ ಯಾರೂ ಕೇಳೋದಿಲ್ಲ. ಅಲ್ಲಿ ಮಾತು ನಡೆಯೋದು 100 ಡಾಲರಿಗೆ ಎಷ್ಟು ಅಂತ. 100 ಡಾಲರಿನ ನೋಟಿಗೆ ವರಕ ಅಂತಾರೆ, ಅಂದರೆ ಹಾಳೆ. 10,000 ಡಾಲರಿಗೆ ದಫ್ತರ, ಪುಸ್ತಕ. ಒಂದು ಹಾಳೆಗೆ 1,40,000ಕ್ಕೂ ಮೇಲೆ ಸಿಗುತ್ತದೆ. ಅಂದರೆ ಹಳೇ ಕೌಂಟರ್ ಸರ್ ಹೇಳಿದ ಕಾಗದದ ಬೆಲೆಯಿಂದ ಅಲ್ಲೇ ಒಂದಷ್ಟು ಕಡಿತ.

ನನ್ನ ಕತೆ ರಿಯಾಲಿನದು. 2016ರಲ್ಲಿ ಮಶ್ಹದಿನಿಂದ ಬರುವಾಗ 3 ಕೋಟಿ ರಿಯಾಲ್ ತಂದೆ. ಬೆಲೆ ಸುಮಾರು 850 ಡಾಲರ್. ಇರಾನಿನ ಅಣು ಒಪ್ಪಂದ ಆಗಿತ್ತು, ನಿರ್ಬಂಧ ತೆಗೆದಿದ್ದರು, ಎಲ್ಲರೂ ಈಗ ಏರುತ್ತದೆ ಅನ್ನುತ್ತಿದ್ದರು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂತು. ಇವತ್ತು ಪೇಟೆಯಲ್ಲಿ ಒಂದು ಡಾಲರಿಗೆ 10 ಲಕ್ಷ ರಿಯಾಲ್ ದಾಟಿದೆ. ನನ್ನ 3 ಕೋಟಿಗೆ 30 ಡಾಲರೂ ಇಲ್ಲ. ಈಗ ನಾಲ್ಕು ಸೊನ್ನೆ ತೆಗೆಯಲು ಅಲ್ಲಿನ ಸಂಸತ್ತು 2025ರಲ್ಲಿ ಒಪ್ಪಿದೆ. ಹರಳಾಗಿದ್ದರೆ ಕನಿಷ್ಠ ಉಂಗುರಕ್ಕೆ ಹಾಕಬಹುದಿತ್ತು.

ಕುಂದಾಪ್ರದವರೇ, ನಮ್ಮ ಕಡೆಯಿಂದ ಅರ್ಬಯೀನ್ ಯಾತ್ರೆಗೆ ಒಂದು ಗುಂಪು ಹೊರಡುತ್ತದೆ. ನಜಫಿನಿಂದ ಕರ್ಬಲಾಕ್ಕೆ 80 ಕಿಲೋಮೀಟರ್ ನಡೆಯುವಾಗ ಚಿಲ್ಲರೆ ಖರ್ಚಿಗೆ ದಿನಾರ್ ಬೇಕಾಗುತ್ತದೆ. ಪೇಟೆ ದರಕ್ಕೆ ನಾವೇ ತೆಗೆದುಕೊಳ್ಳಬಹುದಲ್ಲ?

ಕುಂದಾಪ್ರದವ

ಓಹ್, ಇದು ಒಳ್ಳೆ ದಾರಿ ಮಾರಾಯ್ರೆ! ಮಾವನಿಗೆ ಹೇಳಲಾ?

ಹಳೇ ಕೌಂಟರ್

ಬೇಡ. ಮನಸ್ಸು ಒಳ್ಳೆಯದೇ, ಕಾನೂನು ಒಪ್ಪೋದಿಲ್ಲ. ಭಾರತದೊಳಗೆ ವಿದೇಶಿ ನೋಟನ್ನು ಕೊಳ್ಳೋದು, ಮಾರೋದು ಪರವಾನಗಿ ಇರುವ ಬ್ಯಾಂಕು, ಚೇಂಜರ್ ಜೊತೆ ಮಾತ್ರ. ಅಲೀಪುರದವರೂ ಕುಂದಾಪುರದವರೂ ತಮ್ಮತಮ್ಮಲ್ಲೇ ಮಾಡಿಕೊಂಡರೆ ಫೆಮಾ ಉಲ್ಲಂಘನೆ. ಹಾಗೆ ನೋಡಿದರೆ ಇರಾಕಿಗೆ ಹೋಗುವವರಿಗೆ ಇಲ್ಲಿ ಒಂದು ವಿಶೇಷ ಸೌಲಭ್ಯ ಇದೆ. ಮಾಮೂಲಿ ಪ್ರವಾಸಿಗೆ ನೋಟಿನ ರೂಪದಲ್ಲಿ 3,000 ಡಾಲರ್ ಕೊಟ್ಟರೆ, ಇರಾಕ್ ಮತ್ತು ಲಿಬಿಯಾಕ್ಕೆ ಹೋಗುವವರಿಗೆ 5,000ದ ತನಕ ಕೊಡುತ್ತಾರೆ. ಅಲೀಪುರದವರು ಡಾಲರ್ ಒಯ್ದು ಅಲ್ಲೇ ಬದಲಾಯಿಸಿಕೊಳ್ಳಲಿ, ಅವರಿಗೂ ಅದೇ ಲಾಭ.

ನಿಮ್ಮ ಮಾವನ ಮಕ್ಕಳು ಯಾರಾದರೂ ಗಲ್ಫಿನಲ್ಲಿ ಇದ್ದಾರಾ?

ಕುಂದಾಪ್ರದವ

ದೊಡ್ಡ ಮಗ ಕುವೈತಿನಲ್ಲೇ ಇದ್ದಾನೆ. ಅತ್ತೆ ಮಾವ ಮುಂದಿನ ತಿಂಗಳು ವಿಸಿಟ್ ವೀಸಾದಲ್ಲಿ ಹೋಗಬೇಕು ಅಂತಿದೆ.

ಹಳೇ ಕೌಂಟರ್

ಸರಿ. ನ್ಯಾಯವಾಗಿ ತಮ್ಮ ಹತ್ತಿರ ಇರುವ ವಿದೇಶಿ ನೋಟನ್ನು ಅವರೇ ವಾಪಸ್ ಒಯ್ಯಬಹುದು. ಕೊಂಡ ಅಂಗಡಿಯ ಹಳೇ ರಸೀದಿ ಇದ್ದರೆ ಜೊತೆಗಿರಲಿ. ಅಲ್ಲಿನ ಎಕ್ಸ್‌ಚೇಂಜ್ ಅಂಗಡಿ ನಾಲ್ಕು ಕಡೆ ಕೇಳಿ. ಬೋರ್ಡಿನಲ್ಲಿ ಬರೆದ ಮಾರುವ ದರ ನೋಡಿ ಖುಷಿ ಪಡಬೇಡಿ, "ನನ್ನ ಹತ್ತಿರ ಇದೆ, ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ" ಅಂತಲೇ ಕೇಳಿ.

ವೈಟ್‌ಫೀಲ್ಡ್ ಯೆನ್

ಮಧ್ಯೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ಇರಾಕು ಇರಾನು ಬಿಡಿ, ಜಪಾನಿನ ಯೆನ್? ಅದು ಗಟ್ಟಿ ದೇಶ. 2023ರಲ್ಲಿ ಟೋಕಿಯೊದಿಂದ ಬರುವಾಗ 2 ಲಕ್ಷ ಯೆನ್ ಉಳಿದಿತ್ತು. ಯೆನ್ ಇಷ್ಟು ಅಗ್ಗ ಯಾವತ್ತೂ ಇರಲಿಲ್ಲ, ಏರುತ್ತದೆ ಅಂತ ಇಟ್ಟುಕೊಂಡೆ. 62 ಪೈಸೆಗೆ ಕೊಂಡದ್ದು.

ಹಳೇ ಕೌಂಟರ್

2024ರ ಜುಲೈಯಲ್ಲಿ ಡಾಲರಿಗೆ 160 ದಾಟಿತು, 1986ರಿಂದ ಈಚೆಗೆ ಅಷ್ಟು ಇಳಿದಿರಲಿಲ್ಲ. ನೀವು ಅಗ್ಗ ಅಂದ ಮೇಲೂ ಇಳಿಯಿತು. ಈಗ ಕೌಂಟರಿನಲ್ಲಿ ನಿಮಗೆ 54 ಪೈಸೆ ಸಿಕ್ಕರೆ ಹೆಚ್ಚು. 16,000 ರೂಪಾಯಿ ನಷ್ಟ. ಅದರಲ್ಲಿ ಒಳ್ಳೇ ಪಾಲು ಯೆನ್ ಇಳಿದದ್ದಲ್ಲ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ. ನೋಟನ್ನು ವಿಮಾನದಲ್ಲಿ ತರಿಸಬೇಕು, ವಿಮೆ ಮಾಡಿಸಬೇಕು, ಕಪಾಟಿನಲ್ಲಿ ಇಡಬೇಕು. ಆ ಖರ್ಚೆಲ್ಲ ನಿಮ್ಮಿಂದಲೇ ವಸೂಲಿ. ಮನೆಯಲ್ಲಿಟ್ಟ ನೋಟು ಬಡ್ಡಿಯನ್ನೂ ಹುಟ್ಟಿಸೋದಿಲ್ಲ.

ಮುಂದಿನ ಸಲ ಜಪಾನಿಗೆ ಹೋದಾಗ ಖರ್ಚು ಮಾಡಿ. ಮೊಬೈಲಿನಲ್ಲಿ ಬರುವ ಫಾರೆಕ್ಸ್ ಆ್ಯಪ್‌ಗಳ ಕಡೆ ಮಾತ್ರ ಹೋಗಬೇಡಿ. ಪರವಾನಗಿ ಇಲ್ಲದವುಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರಿಂದ ಹಾಕುತ್ತಿದೆ, ನೋಡಿಕೊಳ್ಳಿ.

ನೋಟು ಸಂಗ್ರಹ

ನನ್ನ ಹತ್ತಿರ ಜಿಂಬಾಬ್ವೆಯ 2009ರ 100 ಲಕ್ಷ ಕೋಟಿ ಡಾಲರಿನ ನೋಟು ಇದೆ. 14 ಸೊನ್ನೆ. ತಮಾಷೆ ನೋಡಿ, ಮಾಸ್ತರರು ಹೇಳಿದ ಇಡೀ ಇರಾಕಿನ ನೋಟಿನ ಮೊತ್ತವೂ ನನ್ನ ಒಂದೇ ಹಾಳೆಯ ಮೇಲಿನ ಸಂಖ್ಯೆಯೂ ಒಂದೇ! 2015ರಲ್ಲಿ ಆ ದೇಶ ಹಳೇ ದುಡ್ಡು ಹಿಂತೆಗೆದುಕೊಂಡಾಗ ಈ ನೋಟಿಗೆ ಕೊಡುತ್ತಿದ್ದದ್ದು 40 ಅಮೆರಿಕನ್ ಸೆಂಟ್. ಸಂಗ್ರಹ ಮಾಡುವವರ ನಡುವೆ ಅದರ ನೂರು ಪಟ್ಟಿಗೂ ಜಾಸ್ತಿಗೆ ಹೋಗುತ್ತದೆ. ದುಡ್ಡಾಗಿ ಸತ್ತ ಮೇಲೆ ಚಿತ್ರವಾಗಿ ಬೆಲೆ ಬಂತು. ಇರಾಕಿ ದಿನಾರಿಗೆ ಆ ಭಾಗ್ಯವೂ ಇಲ್ಲ, ಇನ್ನೂ ಬದುಕಿದೆಯಲ್ಲ.

ಅಡುಗೆಮನೆ ಅಕೌಂಟೆಂಟ್

@ತಾಳ್ಮೆ ಇರಲಿ, ಎರಡು ದಿನದಿಂದ ನೀವು ಮಾತಾಡಿಲ್ಲ. ಬೇಜಾರಾಯಿತಾ ಅಣ್ಣ? ಆ ಗ್ರೂಪಿನವರು ದುಡ್ಡು ಕೇಳುತ್ತಾರಾ ಅಂತ ಮಾತ್ರ ಹೇಳಿ. ಅಮೆರಿಕದಲ್ಲಿ ಇದೇ ಆರ್‌ವಿ ಮಾತು ಹೇಳಿ 60 ಕೋಟಿ ಡಾಲರಿಗೂ ಜಾಸ್ತಿ ದಿನಾರ್ ಮಾರಿದ ಅಟ್ಲಾಂಟಾದ ಸ್ಟರ್ಲಿಂಗ್ ಕರೆನ್ಸಿ ಗ್ರೂಪ್ ನಡೆಸುತ್ತಿದ್ದವರು ತಪ್ಪಿತಸ್ಥರು ಅಂತ 2018ರಲ್ಲಿ ತೀರ್ಪಾಯಿತು. ಅಂತರ್ಜಾಲದಲ್ಲಿ "ಈ ವಾರ, ಮುಂದಿನ ವಾರ" ಅಂತ ಪ್ರಚಾರ ಮಾಡುವವನಿಗೆ ಅವರೇ ದುಡ್ಡು ಕೊಡುತ್ತಿದ್ದರು.

ತಾಳ್ಮೆ ಇರಲಿ

ಬೇಜಾರಿಲ್ಲ ಅಕ್ಕ. ಓದುತ್ತಿದ್ದೇನೆ.

ನನ್ನ ಹತ್ತಿರ 50 ಲಕ್ಷ ಇದೆ. ಪಿಎಫ್ ದುಡ್ಡು. ಗ್ರೂಪಿನಲ್ಲಿ ತಿಂಗಳಿಗೆ 500 ಕಟ್ಟಬೇಕು, ಒಳಗಿನ ಸುದ್ದಿ ಕೊಡುತ್ತಾರೆ. 14 ವರ್ಷದಲ್ಲಿ ಎಷ್ಟು ಶುಕ್ರವಾರ ರಾತ್ರಿ ನಿದ್ದೆ ಮಾಡದೆ ಕೂತಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಮಾಸ್ತರರ ಆ ಕೂಸಿನ ಲೆಕ್ಕ ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಲೆಕ್ಕದ ಮಾಸ್ತರ

ಗ್ರೂಪಿನ 500 ಮೊದಲು ನಿಲ್ಲಿಸ್ರಿ ಅಣ್ಣಾರ. ಉಳಿದದ್ದು ನಿಧಾನಕ್ಕೆ ನೋಡೋಣ.

ಹಳೇ ಕೌಂಟರ್

50 ಲಕ್ಷ ಅಂದರೆ 2,000 ಡಾಲರಿನ ಗೆರೆ ದಾಟುತ್ತದೆ. ಎಲ್ಲಿ, ಯಾವಾಗ ಕೊಂಡಿರಿ ಅನ್ನೋದರ ಮೇಲೆ ವಿಷಯ ನಿಂತಿದೆ. ನನಗೆ ಖಾಸಗಿಯಾಗಿ ಬರೆಯಿರಿ, ಇಲ್ಲಿ ಬೇಡ.

ಕುಂದಾಪ್ರದವ (ಏಳು ವಾರ ಬಿಟ್ಟು)

ವಾಪಸ್ ಬಂದು ವರದಿ ಒಪ್ಪಿಸುತ್ತಿದ್ದೇನೆ.

ಮಾವ, ಅತ್ತೆ ಕುವೈತಿಗೆ ಹೋಗಿ ಬಂದರು. ಮೊದಲ ಎರಡು ಅಂಗಡಿಯಲ್ಲಿ ಬೇಡ ಅಂದರು. ಮೂರನೆಯವನು ಡಾಲರಿಗೆ 1,600ರ ಲೆಕ್ಕ ಹಿಡಿದ. 80 ನೋಟಿನಲ್ಲಿ ಮೂರನ್ನು ಪಕ್ಕಕ್ಕೆ ಇಟ್ಟ, ಮಡಿಕೆ ಗೆರೆ ಇದೆ, ಒಂದಕ್ಕೆ ಅಕ್ಕಿ ಹುಳದ ತೂತು ಅಂತ. ನೋಟು ಸಂಗ್ರಹ ಅಣ್ಣ, ಡಬ್ಬಿ ಅಷ್ಟೇನೂ ಒಳ್ಳೆ ಜಾಗ ಅಲ್ಲ. 77 ನೋಟಿಗೆ 369 ಕುವೈತಿ ದಿನಾರ್ ಕೊಟ್ಟ.

540 ಕೊಟ್ಟು ಕೊಂಡದ್ದಕ್ಕೆ 369. ನಾನು ಸಮಾಧಾನ ಮಾಡೋಣ ಅಂತ ಫೋನ್ ಮಾಡಿದರೆ ಮಾವ ಭಾರೀ ಖುಷಿಯಲ್ಲಿದ್ದಾರೆ! "369 ಗುಣಿಸು 290, 1,07,000. ನಾನು ಹಾಕಿದ್ದು 1,02,600. ಲಾಭವೇ ಆಯಿತಲ್ಲ" ಅಂತಾರೆ. ಅದು ಇರಾಕಿನ ಲಾಭ ಅಲ್ಲ ಮಾವ, ನಮ್ಮ ರೂಪಾಯಿ ಇಳಿದದ್ದು, ಆ 540 ಕುವೈತಿ ದಿನಾರನ್ನೇ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದರೆ ಇವತ್ತು 1,56,000 ಆಗುತ್ತಿತ್ತು ಅಂದೆ. ಸ್ವಲ್ಪ ಹೊತ್ತು ಲೈನಿನಲ್ಲಿ ಏನೂ ಕೇಳಲಿಲ್ಲ. ಆಮೇಲೆ, "ಅದನ್ನು ನಿನ್ನ ಅತ್ತೆಗೆ ಹೇಳಬೇಡ" ಅಂದರು.

ದುಡ್ಡು ಅತ್ತೆಯ ಕೈಗೆ ಹೋಯಿತು. ಅವರು ಅಲ್ಲೇ ಅಂಗಡಿಗೆ ಹೋಗಿ ಒಂದು ಜೊತೆ ಸಣ್ಣ ಬೆಂಡೋಲೆ ತಂದಿದ್ದಾರೆ. ಬಿಲ್ಲು ಅವರ ಹತ್ತಿರವೇ ಇದೆ, ಯಾರಿಗೂ ತೋರಿಸುತ್ತಿಲ್ಲ.

ಆ ಮೂರು ನೋಟು ಮಾವ ವಾಪಸ್ ತಂದಿದ್ದಾರೆ. ಈ ಸಲ ಬಿಸ್ಕೆಟ್ ಡಬ್ಬಿ.

ತಾಳ್ಮೆ ಇರಲಿ

ಅಂಗಡಿ ಯಾವ ಏರಿಯಾದಲ್ಲಿ ಅಂತ ಖಾಸಗಿಯಾಗಿ ಹೇಳುತ್ತೀರಾ? ನನ್ನ ತಂಗಿ ಗಂಡ ಅಲ್ಲೇ ಇದ್ದಾನೆ.